ಸೋಪು ಹಾಕಿ ತೊಳೆದ ಬಾಯಿ ಯುದ್ಧಕ್ಕೆ ಬೇಕಾಯಿತು

ಹೋದ ತಿಂಗಳು ಯಾರೋ ವಾಕಿಟಾಕಿ ಬಗ್ಗೆ ಕೇಳಿದ್ದರು. ಉತ್ತರ ಬರೆಯುವಾಗ ಮಾತಿಗೆ ಮಾತು ಬಂತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನವಾಹೋ ಬುಡಕಟ್ಟಿನ ಹುಡುಗರು ತಮ್ಮ ಮನೆಮಾತಿನಲ್ಲೇ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದರು, ಶಾಲೆಯಲ್ಲಿ ಅದೇ ಮಾತಿಗೆ ಏಟು ತಿಂದವರು ಅವರು ಅಂತ ಎರಡು ಸಾಲು ಸೇರಿಸಿದ್ದೆ. ವಾಕಿಟಾಕಿಯನ್ನು ಎಲ್ಲರೂ ಮರೆತರು. ಬಂದ ಪತ್ರಗಳೆಲ್ಲ ಆ ಎರಡು ಸಾಲಿನ ಮೇಲೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ. ಬೋರ್‌ವೆಲ್ ಮೋಟರ್ ಬಗ್ಗೆ ಕೇಳಿದ ಶಿರಾದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಹೊಸ ಓದುಗರಿಗೆ ನನ್ನ ಪರಿಚಯ: ಸೈನ್ಯದ ಸಿಗ್ನಲ್ಸ್‌ನಲ್ಲಿ, ಅಂದರೆ ಫೋನು, ವೈರ್‌ಲೆಸ್ ನೋಡಿಕೊಳ್ಳುವ ವಿಭಾಗದಲ್ಲಿ, 24 ವರ್ಷ ಇದ್ದವನು. 1979ರಲ್ಲಿ ಸೇರಿ 2003ರಲ್ಲಿ ಸುಬೇದಾರ್ ಆಗಿ ಹೊರಬಂದೆ. ಊರು ಕುಂದಾಪುರದ ಕಡೆ. ಕಿವಿ ಈಗ ಸ್ವಲ್ಪ ಮಂದ. ಹೆಡ್‌ಫೋನಿನ ಕೃಪೆ.

ಪ್ರಶ್ನೆ: ನನ್ನ ಮಗ ಮೂರನೇ ಕ್ಲಾಸು. ಶಾಲೆಯಲ್ಲಿ ಕನ್ನಡ ಮಾತಾಡಿದ ಅಂತ ಹತ್ತು ರೂಪಾಯಿ ದಂಡ ಹಾಕಿ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ನೀವು ಬರೆದ ಎರಡು ಸಾಲು ಅವನಿಗೆ ಓದಿ ಹೇಳಿದೆ. "ಅವರಿಗೂ ದಂಡ ಹಾಕ್ತಿದ್ರಾ?" ಅಂತ ಕೇಳಿದ. ಅವನಿಗೆ ಓದಿ ಹೇಳುವ ಹಾಗೆ ಪೂರ್ತಿ ಕಥೆ ಬರೆಯುತ್ತೀರಾ? ಇನ್ನೊಂದು, ಈ ದಂಡ ಕಟ್ಟಲೋ ಬೇಡವೋ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ದಂಡದ ವಿಷಯ ಕೊನೆಗೆ ಇಟ್ಟುಕೊಳ್ಳೋಣ ಅಮ್ಮಾ. ಮೊದಲು ಕಥೆ.

ಹುಡುಗನಿಗೆ ಹೇಳಿ, ಅವರಿಗೆ ಹತ್ತು ರೂಪಾಯಿಯಲ್ಲಿ ಮುಗಿಯುತ್ತಿರಲಿಲ್ಲ.

ನವಾಹೋ ಜನ ಇರುವುದು ಅಮೆರಿಕದ ನೈಋತ್ಯದಲ್ಲಿ. ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಮೂರು ರಾಜ್ಯಗಳಲ್ಲಿ ಹರಡಿದ ಒಣ ಸೀಮೆ. ಕೆಂಪು ಬಂಡೆ, ಕುರಿ, ಮೆಕ್ಕೆಜೋಳ. ತಮ್ಮನ್ನು ಅವರು ಕರೆದುಕೊಳ್ಳುವುದು 'ದಿನೆ' ಅಂತ. ಸುಮ್ನೆ 'ಜನ' ಅಂತ ಅರ್ಥ. 1864ರಲ್ಲಿ ಅಮೆರಿಕದ ಸೈನ್ಯ ಇವರ ಹೊಲ ಸುಟ್ಟು, ಪೀಚ್ ಮರ ಕಡಿದು, ಸಾವಿರಾರು ಜನರನ್ನು ಸುಮಾರು 300 ಮೈಲಿ ನಡೆಸಿಕೊಂಡು ಹೋಗಿ ಒಂದು ಬಯಲಲ್ಲಿ ಕೂಡಿಹಾಕಿತು. ನಾಲ್ಕು ವರ್ಷ ಆದಮೇಲೆ, 1868ರಲ್ಲಿ ಒಪ್ಪಂದ ಆಗಿ ಊರಿಗೆ ಬಿಟ್ಟರು. ಆ ಒಪ್ಪಂದದಲ್ಲೇ ಒಂದು ಷರತ್ತು ಇತ್ತು. 6ರಿಂದ 16 ವರ್ಷದ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಲೇಬೇಕು.

ಆ ಶಾಲೆಗಳು ಹಾಸ್ಟೆಲ್ ಶಾಲೆಗಳು. ಅದರ ದಾರಿ ತೋರಿಸಿದವನು ರಿಚರ್ಡ್ ಪ್ರಾಟ್ ಅನ್ನುವ ಸೈನ್ಯಾಧಿಕಾರಿ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೊದಲ ಶಾಲೆ ತೆರೆದ. ಒಳಗಿರುವ ಇಂಡಿಯನ್ನನ್ನು (ಅಮೆರಿಕದ ಮೂಲನಿವಾಸಿಗಳನ್ನು ಬಿಳಿಯರು ಹಾಗೆ ಕರೆಯುತ್ತಿದ್ದರು) ಕೊಂದು ಮನುಷ್ಯನನ್ನು ಉಳಿಸಿ ಅನ್ನುವುದು ಅವನ ಮಾತು. ಆಗ ಅದನ್ನು ದಯೆಯ ಮಾತು ಅಂತಲೇ ಅಂದುಕೊಂಡಿದ್ದರು ಅನ್ನುವುದು ನೆನಪಿರಲಿ.

ಈಗ ಒಬ್ಬ ಹುಡುಗನನ್ನು ನೋಡೋಣ. 1921ರಲ್ಲಿ ನ್ಯೂ ಮೆಕ್ಸಿಕೋದಲ್ಲಿ, ಓಕ್ ಮರಗಳ ನಡುವಿನ ಒಂದು ಸಣ್ಣ ಊರಲ್ಲಿ ಹುಟ್ಟಿದವನು. ಅಜ್ಜಿಯ ಜೊತೆ ಕುರಿ ಕಾಯುತ್ತಿದ್ದ. ಸುಮಾರು ಎಂಟು ವರ್ಷಕ್ಕೆ ಅವನನ್ನು ಸರ್ಕಾರದ ಹಾಸ್ಟೆಲ್ ಶಾಲೆಗೆ ಸೇರಿಸಿದರು. ಮೊದಲ ಕೆಲಸ, ಕೂದಲು ಕತ್ತರಿಸಿದರು. ಎರಡನೆಯದು, ಹೆಸರು ಬದಲಾಯಿಸಿದರು. ಅವನಿಗೆ ಸಿಕ್ಕ ಹೆಸರು ಚೆಸ್ಟರ್. ಮುಂದೆ ಲೋಕಕ್ಕೆಲ್ಲ ಅವನು ಚೆಸ್ಟರ್ ನೆಜ್ ಆದ. ನವಾಹೋ ಮಾತು ಬಾಯಿಂದ ಬಿದ್ದರೆ ಹೊಡೆತ. ಇಲ್ಲದಿದ್ದರೆ ಕಂದು ಬಣ್ಣದ ಬಟ್ಟೆ ಸೋಪನ್ನು ಹಲ್ಲುಜ್ಜುವ ಬ್ರಶ್ಶಿಗೆ ಹಚ್ಚಿ ಬಾಯಿ ತಿಕ್ಕುತ್ತಿದ್ದರು. ಆ ರುಚಿ ದಿನಗಟ್ಟಲೆ ಹೋಗುವುದಿಲ್ಲ.

ಇನ್ನೊಬ್ಬ, ಕಾರ್ಲ್ ಗೋರ್ಮನ್. ಇವನು ನವಾಹೋ ಬಿಡುವುದಿಲ್ಲ ಅಂತ ಹಟ ಹಿಡಿದ. ಶಾಲೆಯವರು ನೆಲಮಾಳಿಗೆಯ ಕಬ್ಬಿಣದ ಪೈಪಿಗೆ ಸರಪಳಿ ಹಾಕಿ ಒಂದು ವಾರ ಕಟ್ಟಿಹಾಕಿದರು. ಆಗ ಅವನು ಇನ್ನೂ ಚಿಕ್ಕ ಹುಡುಗ. (ಇದನ್ನು ಮಗನಿಗೆ ಓದಬೇಕೋ ಬಿಡಬೇಕೋ ನೀವೇ ನೋಡಿ.)

ಈ ಇಬ್ಬರೂ 1942ರ ಮೇ ತಿಂಗಳಲ್ಲಿ ಅಮೆರಿಕದ ಮರೀನ್ ಪಡೆಗೆ, ಅಂದರೆ ಹಡಗಿನಿಂದ ದಡಕ್ಕೆ ಇಳಿದು ಹೋರಾಡುವ ಸೈನ್ಯಕ್ಕೆ, ಸೇರಿದರು. ಚೆಸ್ಟರ್ ಆಗಿನ್ನೂ ಟೂಬಾ ಸಿಟಿಯ ಹಾಸ್ಟೆಲ್ ಶಾಲೆಯಲ್ಲೇ ಓದುತ್ತಿದ್ದ. ಪಡೆಯವರು ಅಲ್ಲಿಗೇ ಬಂದು, ನವಾಹೋ ಮತ್ತು ಇಂಗ್ಲಿಷ್ ಎರಡೂ ಚೆನ್ನಾಗಿ ಬರುವ ಹುಡುಗರು ಬೇಕು ಅಂದರು. ಗೋರ್ಮನ್‌ಗೆ 34 ಆಗಿತ್ತು. ವಯಸ್ಸು ಕಮ್ಮಿ ಹೇಳಿ ಸೇರಿಕೊಂಡ. ಮೊದಲ ತಂಡದಲ್ಲಿ 29 ಜನ. ಅವರನ್ನು ಕ್ಯಾಲಿಫೋರ್ನಿಯಾಗೆ ಕರೆದುಕೊಂಡು ಹೋಗಿ, ತರಬೇತಿ ಮುಗಿಸಿ, ಒಂದು ಕೋಣೆಯಲ್ಲಿ ಕೂರಿಸಿ ಹೇಳಿದ್ದು ಇಷ್ಟು: ನಿಮ್ಮ ಭಾಷೆಯಲ್ಲಿ ಒಂದು ಗುಪ್ತ ಸಂಕೇತ ಮಾಡಿ. ಜಪಾನಿನವರಿಗೆ ಒಡೆಯಲು ಆಗಬಾರದು.

ಸೋಪು ಹಾಕಿದ ಸರ್ಕಾರವೇ, ಅಮ್ಮಾ. ಅದೇ ಬಾಯಿ.

ಪ್ರಶ್ನೆ: ಈ ಐಡಿಯಾ ಯಾರದು? ಸೈನ್ಯದ ದೊಡ್ಡವರಿಗೆ ಇದೆಲ್ಲ ಹೊಳೆಯುವುದಿಲ್ಲ ಅಂತ ನನ್ನ ಅನುಮಾನ.
— ನಿವೃತ್ತ ಮೇಷ್ಟ್ರು, ಧಾರವಾಡ

ಉತ್ತರ: ಅನುಮಾನ ಸರಿ ಸರ್. ಹೊಳೆದದ್ದು ಲಾಸ್ ಏಂಜಲೀಸ್‌ನ ಒಬ್ಬ ಸಿವಿಲ್ ಎಂಜಿನಿಯರ್‌ಗೆ. ಫಿಲಿಪ್ ಜಾನ್‌ಸ್ಟನ್ ಅಂತ ಹೆಸರು. ಅವನ ಅಪ್ಪ ಪಾದ್ರಿಯಾಗಿ ನವಾಹೋ ಸೀಮೆಯಲ್ಲಿದ್ದ. ಜಾನ್‌ಸ್ಟನ್ ಅಲ್ಲಿನ ಮಕ್ಕಳ ಜೊತೆ ಆಡಿ ಬೆಳೆದವನು, ಹಾಗಾಗಿ ಆ ಮಾತು ಬರುತ್ತಿತ್ತು. ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ, ಜಪಾನಿನವರು ಅಮೆರಿಕದ ರೇಡಿಯೋ ಕದ್ದು ಕೇಳುತ್ತಾರೆ ಅನ್ನುವ ಚಿಂತೆ ಇದ್ದಾಗ, ಇವನು ಹೋಗಿ ಹೇಳಿದ. 1942ರ ಫೆಬ್ರವರಿ ಕೊನೆಯಲ್ಲಿ ಸ್ಯಾನ್ ಡಿಯಾಗೋ ಹತ್ತಿರದ ಕ್ಯಾಂಪ್ ಎಲಿಯಟ್‌ನಲ್ಲಿ ಒಂದು ಪರೀಕ್ಷೆ ನಡೆಯಿತು. ಮೇಜರ್ ಜನರಲ್ ಕ್ಲೇಟನ್ ವೋಗಲ್ ಎದುರಿಗೆ. ಲಾಸ್ ಏಂಜಲೀಸ್‌ನಲ್ಲಿ ಇದ್ದ ಕೆಲವು ನವಾಹೋ ಹುಡುಗರನ್ನು ಕರೆತಂದು ಎರಡು ಕೋಣೆಯಲ್ಲಿ ಕೂರಿಸಿದರು. ಈ ಕೋಣೆಯಿಂದ ಆ ಕೋಣೆಗೆ ಸಂದೇಶ ಹೋಗಬೇಕು.

ಇಲ್ಲಿ ನನ್ನಂಥವನು ಸ್ವಲ್ಪ ನಿಲ್ಲಬೇಕು. ಯಂತ್ರದಲ್ಲಿ ಸಂಕೇತ ಮಾಡಿ ಕಳಿಸಿ, ಆ ಕಡೆ ಬಿಡಿಸಿ ಓದುವುದಕ್ಕೆ ಮೂರು ಸಾಲಿಗೆ ಅರ್ಧ ಗಂಟೆ. ನವಾಹೋ ಹುಡುಗರಿಗೆ 20 ಸೆಕೆಂಡು. ಮನೆಯಲ್ಲಿ ಕೂತು ಓದಿದರೆ ಇದು ಬರೀ ಅಂಕಿ. ಗುಂಡು ಬೀಳುವಾಗ ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಮಾತ್ರ ಅರ್ಧ ಗಂಟೆ ಅಂದರೆ ಏನು ಅಂತ ಗೊತ್ತು. ಅಷ್ಟರಲ್ಲಿ ಸಂದೇಶ ಹಳಸಿಹೋಗುತ್ತದೆ. ಶತ್ರು ಇದ್ದ ಜಾಗದಲ್ಲಿ ಶತ್ರು ಇರುವುದಿಲ್ಲ, ನಮ್ಮವರು ಇರುತ್ತಾರೆ. ತೋಪಿನವರು ಹಳೇ ಸಂದೇಶ ಹಿಡಿದು ಅಲ್ಲಿಗೇ ಹೊಡೆಯುತ್ತಾರೆ.

ವೋಗಲ್ ಒಪ್ಪಿದ. 200 ಜನ ಬೇಕು ಅಂತ ಮೇಲಕ್ಕೆ ಬರೆದ. ಮೇಲಿನವರು ಮೊದಲು 30 ಜನರನ್ನು ತಗೊಂಡು ನೋಡಿ ಅಂದರು. ನಮ್ಮ ಕಡೆಯೂ ಹೀಗೇ ಅಲ್ವಾ?

ಪ್ರಶ್ನೆ: ಜಪಾನಿನವರು ಒಬ್ಬ ನವಾಹೋ ಸೈನಿಕನನ್ನು ಹಿಡಿದುಬಿಟ್ಟರೆ ಎಲ್ಲ ಗುಟ್ಟೂ ರಟ್ಟಾಗುವುದಿಲ್ಲವೇ? ಇದು ಹೇಗೆ ಸುರಕ್ಷಿತ?
— ಬಿ.ಇ. ವಿದ್ಯಾರ್ಥಿ, ಹಾಸನ

ಉತ್ತರ: ಬಂದ ಪತ್ರಗಳಲ್ಲಿ ಅತಿ ಚುರುಕಾದ ಪ್ರಶ್ನೆ ನಿನ್ನದು ತಮ್ಮಾ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ನವಾಹೋ ಹುಡುಗರು ಸುಮ್ನೆ ತಮ್ಮ ಭಾಷೆಯಲ್ಲಿ ಮಾತಾಡಿದರು, ಜಪಾನಿನವರಿಗೆ ಅರ್ಥ ಆಗಲಿಲ್ಲ, ಗೆದ್ದರು ಅಂತ ಕಥೆ ಹೇಳುತ್ತಾರೆ. ಹಾಗಲ್ಲ.

ಅವರನ್ನು ನಿಜಕ್ಕೂ ಹಿಡಿದಿದ್ದರು. ಸಂಕೇತದ ತಂಡದವರನ್ನಲ್ಲ, ಜೋ ಕಿಯೂಮಿಯಾ ಅನ್ನುವ ಬೇರೆ ನವಾಹೋ ಸೈನಿಕನನ್ನು. 1942ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸೆರೆ ಸಿಕ್ಕವನು, ಸೆರೆಯಾಳುಗಳನ್ನು ಸಾಯುವಂತೆ ನಡೆಸಿದ ಬಟಾನ್‌ನ ಸಾವಿನ ನಡಿಗೆಯಲ್ಲಿ ಬದುಕಿ ಉಳಿದವನು. ಮುಖ ನೋಡಿ ಅಮೆರಿಕದಲ್ಲಿ ಹುಟ್ಟಿದ ಜಪಾನಿ ಅಂದುಕೊಂಡು ಮೊದಲು ಹೊಡೆದರು. ನವಾಹೋ ಅಂತ ಗೊತ್ತಾದ ಮೇಲೆ ರೇಡಿಯೋ ಮುಂದೆ ಕೂರಿಸಿದರು. ಏನು ಹೇಳುತ್ತಿದ್ದಾರೆ ಹೇಳು.

ಅವನಿಗೆ ಒಂದೊಂದು ಪದವೂ ಕೇಳಿಸುತ್ತಿತ್ತು. ಅರ್ಥವೂ ಆಗುತ್ತಿತ್ತು. ಆದರೆ ಕೇಳಿಸುತ್ತಿದ್ದದ್ದು ಈ ಥರದ ಮಾತು: ಕುರಿ, ಚಿಕ್ಕಪ್ಪ, ಟಗರು, ಮಂಜುಗಡ್ಡೆ, ಕರಡಿ, ಇರುವೆ, ಬೆಕ್ಕು, ಕುದುರೆ, ಕರುಳು.

ಇದರ ತಲೆಬುಡ ಏನು? ಒಂದೊಂದೇ ಪದವನ್ನು ಇಂಗ್ಲಿಷ್‌ಗೆ ತಿರುಗಿಸಿ, ಮೊದಲ ಅಕ್ಷರ ಹಿಡಿ. ಕುರಿ ಅಂದರೆ ಶೀಪ್, ಅಲ್ಲಿಂದ ಎಸ್. ಚಿಕ್ಕಪ್ಪ ಅಂಕಲ್, ಅಲ್ಲಿಂದ ಯು. ಟಗರು ರ‍್ಯಾಮ್, ಆರ್. ಮಂಜುಗಡ್ಡೆ ಐಸ್, ಐ. ಕೊನೆಗೆ ಬರುವುದು ಸುರಿಬಾಚಿ. ಜಪಾನಿನ ಇವೋ ಜಿಮಾ ದ್ವೀಪದ ಗುಡ್ಡದ ಹೆಸರು. ಗುಡ್ಡ ಕೈವಶ ಆದ ಸುದ್ದಿ ಈ ಪ್ರಾಣಿಗಳ ಮೆರವಣಿಗೆಯಲ್ಲಿ ಹೋಯಿತು.

ಈ ಹೆಸರಿನಲ್ಲಿ ಐ ಎರಡು ಸಲ ಬಂದಿದೆ, ಗಮನಿಸಿದೆಯಾ? ಮೊದಲ ಸಲ ಮಂಜುಗಡ್ಡೆ, ಎರಡನೇ ಸಲ ಕರುಳು. ಎರಡಕ್ಕೂ ಇಂಗ್ಲಿಷ್‌ನಲ್ಲಿ ಐ ಇಂದಲೇ ಶುರು. ಸಂಕೇತ ಒಡೆಯುವವನು ಮೊದಲು ಮಾಡುವ ಕೆಲಸವೇ ಎಣಿಕೆ. ಯಾವ ಗುರುತು ಜಾಸ್ತಿ ಸಲ ಬರುತ್ತದೆ ಅಂತ ಲೆಕ್ಕ ಹಾಕಿ, ಅದು ಇ ಇರಬೇಕು, ಇದು ಟಿ ಇರಬೇಕು ಅಂತ ಹಿಡಿಯುತ್ತಾನೆ. ಹಾಗಾಗಿ ಪದೇ ಪದೇ ಬರುವ ಅಕ್ಷರಗಳಿಗೆ ಎರಡು ಮೂರು ಪದ ಇಟ್ಟುಕೊಂಡರು. ಎ ಬೇಕಾದರೆ 'ವೊಲ್ಲಾಚೀ' ಅನ್ನಬಹುದು, ಇರುವೆ. ಸೇಬಿನ ಹೆಸರನ್ನೂ ಹೇಳಬಹುದು, ಕೊಡಲಿಯ ಹೆಸರನ್ನೂ ಹೇಳಬಹುದು. ಬಿ ಬೇಕಾದರೆ 'ಶಶ್', ಕರಡಿ. ಪೀಪಾಯಿಯ ಹೆಸರನ್ನೂ ಹೇಳಬಹುದು.

ಇದು ಒಂದು ಭಾಗ. ಪ್ರತಿ ಪದವನ್ನೂ ಹೀಗೆ ಅಕ್ಷರ ಬಿಡಿಸಿ ಹೇಳುತ್ತಾ ಕೂತರೆ ಸಂಜೆ ಆಗುತ್ತದೆ. ಸೈನ್ಯಕ್ಕೆ ದಿನಾ ಬೇಕಾಗುವ ಮಾತುಗಳಿಗೆ ಬೇರೆ ಹೆಸರೇ ಬೇಕು. ನವಾಹೋ ಭಾಷೆಯಲ್ಲಿ ಜಲಾಂತರ್ಗಾಮಿಗೆ ಪದ ಎಲ್ಲಿಂದ ಬರಬೇಕು? ಕುರಿ ಕಾಯುವ ಸೀಮೆ, ಸಮುದ್ರ ನೋಡಿದವರೇ ಕಮ್ಮಿ. ಹುಡುಗರು ಕೂತು ತಾವು ಕಂಡ ಪ್ರಪಂಚದಿಂದಲೇ ಹೆಸರು ಎತ್ತಿದರು. ಜಲಾಂತರ್ಗಾಮಿ 'ಬೇಶ್-ಲೋ', ಕಬ್ಬಿಣದ ಮೀನು. ಟ್ಯಾಂಕು ಆಮೆ. ದೊಡ್ಡ ಯುದ್ಧನೌಕೆ ತಿಮಿಂಗಿಲ. ಬೆನ್ನು ಹತ್ತಿ ಹೊಡೆಯುವ ಸಣ್ಣ ವಿಮಾನ ಹಮ್ಮಿಂಗ್‌ಬರ್ಡ್, ಮೇಲಿಂದ ನೋಡಿಕೊಂಡು ಬರುವ ವಿಮಾನ ಗೂಬೆ, ಬಾಂಬು ಹಾಕುವ ವಿಮಾನ ರಣಹದ್ದು. ಬಾಂಬು ಮೊಟ್ಟೆ. ಕೈಬಾಂಬಿಗೆ 'ನಿಮಾಸಿ', ಆಲೂಗಡ್ಡೆ. ಗ್ರೆನೇಡ್ ಹಿಡಿದವರಿಗೆ ಈ ಹೆಸರಿಟ್ಟವನ ಕಣ್ಣು ಎಷ್ಟು ಚುರುಕು ಅಂತ ಗೊತ್ತಾಗುತ್ತದೆ. ಅದೇ ತೂಕ, ಅದೇ ಆಕಾರ.

ನನಗೆ ತುಂಬ ನಗು ತರಿಸಿದ್ದು ಸ್ಪೇನ್ ದೇಶ. ಅದಕ್ಕೆ 'ಕುರಿ ನೋವು' ಅಂತ ಹೆಸರು. ಎಸ್ ಅಕ್ಷರಕ್ಕೆ ಕುರಿ, ಉಳಿದ ಪೇನ್‌ಗೆ ನೋವು. ನವಾಹೋ ಮಾತ್ರ ಬರುವವನಿಗೆ ಇದು ಹೊಳೆಯುವುದಿಲ್ಲ, ಇಂಗ್ಲಿಷ್ ಮಾತ್ರ ಬರುವವನಿಗೂ ಇಲ್ಲ. ಎರಡರ ಮಧ್ಯೆ ಬೆಳೆದ ತಲೆಯೇ ಆಗಬೇಕು. ಶಾಲೆಯವರು ಬೆತ್ತ ಹಿಡಿದು ಕಲಿಸಿದ ಇಂಗ್ಲಿಷ್ಷೂ ಕೆಲಸಕ್ಕೆ ಬಂತು ಅಂತ ಹೇಳಿದರೆ ತಪ್ಪಾಗಲಾರದು. ಆದರೆ ಬೆತ್ತಕ್ಕೆ ಅದರ ಪುಣ್ಯ ಕೊಡಲು ನಾನು ತಯಾರಿಲ್ಲ.

ಮೊದಲ 29 ಜನ ಮಾಡಿದ್ದು 211 ಪದ. ಯುದ್ಧ ಮುಗಿಯುವ ಹೊತ್ತಿಗೆ 400 ದಾಟಿತ್ತು. ಎಲ್ಲವೂ ಬಾಯಿಪಾಠ. ಪಟ್ಟಿ ತರಬೇತಿ ಕೋಣೆಯಲ್ಲೇ ಇರಬೇಕು, ರಣರಂಗಕ್ಕೆ ಒಂದು ಚೀಟಿಯೂ ಹೋಗಬಾರದು. ಈಗ ಹೇಳು ತಮ್ಮಾ, ಕಿಯೂಮಿಯಾ ಪಾಪ ಏನು ಹೇಳಬೇಕು? ಮಂಜಿನಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿ ಹಿಂಸೆ ಕೊಟ್ಟರು. ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಸಂಕೇತದ ತಂಡದವರ ಹತ್ತಿರ, ನಿಮ್ಮಿಂದ ನನಗೆ ಇಷ್ಟೆಲ್ಲ ಆಯಿತು, ನೀವು ಏನು ಮಾತಾಡಿಕೊಳ್ಳುತ್ತಿದ್ದಿರಿ ಅಂತ ಮಾತ್ರ ಕೊನೆಗೂ ತಿಳಿಯಲಿಲ್ಲ ಅಂದನಂತೆ.

ನನ್ನ ಮೊಮ್ಮಗಳೂ ನಾನೂ ಹೋದ ಭಾನುವಾರ ಇದನ್ನೇ ಆಡಿದೆವು. ನಮ್ಮದು ಕನ್ನಡ ಅಕ್ಷರ. ಅವಳು ಅಡುಗೆಮನೆಗೆ ಕೂಗಿ ಹೇಳಿದ್ದು: ಚಾಕು, ಹಾವು. ಅವಳಜ್ಜಿ ಹೆದರಿ ಹೊರಗೆ ಓಡಿ ಬಂದಳು. ನಮಗೆ ಬೇಕಾದದ್ದು ಚಹಾ.

ಪ್ರಶ್ನೆ: ಆ ಭಾಷೆ ಅಷ್ಟು ಕಷ್ಟವೇ? ಜಪಾನಿನವರು ಕಲಿಯಬಹುದಿತ್ತಲ್ಲ.
— ಓದುಗರು, ತುಮಕೂರು

ಉತ್ತರ: ಪುಸ್ತಕ ಸಿಕ್ಕರೆ ತಾನೆ ಕಲಿಯುವುದು? ಆಗ ಅದು ಹೆಚ್ಚುಕಮ್ಮಿ ಬಾಯಿಮಾತಿನ ಭಾಷೆ. ದನಿ ಏರಿಸಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. 'ಬಾಯಿ' ಅನ್ನುವ ಪದಕ್ಕೂ 'ಔಷಧಿ' ಅನ್ನುವ ಪದಕ್ಕೂ ನಡುವೆ ಇರುವ ವ್ಯತ್ಯಾಸ ಬರೀ ಈ ಏರಿಳಿತ. ಕ್ರಿಯಾಪದ ಅಂತೂ ಇನ್ನೂ ಮಜಾ. ನಮಗೆ 'ಕೊಡು' ಅಂದರೆ ಮುಗಿಯಿತು. ಅವರಿಗೆ ಕೊಡುವ ವಸ್ತು ಚೆಂಡಿನ ಹಾಗೆ ಗಟ್ಟಿ ಇದೆಯೋ, ಹಗ್ಗದ ಹಾಗೆ ಉದ್ದ ಇದೆಯೋ, ಬಟ್ಟೆಯ ಹಾಗೆ ಮಡಚುತ್ತದೋ, ಕೆಸರಿನ ಹಾಗೆ ಪಿಚಪಿಚ ಅನ್ನುತ್ತದೋ ನೋಡಿಕೊಂಡು ಕ್ರಿಯಾಪದವೇ ಬದಲಾಗುತ್ತದೆ. ಹಾಲು ಕುಡಿಯುವ ವಯಸ್ಸಿನಿಂದ ಕೇಳಿಕೊಂಡು ಬಂದರೆ ಸುಲಭ.

ಪ್ರಶ್ನೆ: ರಣರಂಗದಲ್ಲಿ ನಿಜವಾಗಿ ಹೇಗೆ ನಡೆಯುತ್ತಿತ್ತು? ನೀವು ಸಿಗ್ನಲ್ಸ್‌ನವರು, ನಿಮ್ಮ ಕಣ್ಣಲ್ಲಿ ಹೇಳಿ.
— ಮಾಜಿ ಸೈನಿಕ, ವಿರಾಜಪೇಟೆ

ಉತ್ತರ: ನಮಸ್ಕಾರ ಸಾಹೇಬ್ರೆ. ಅವರ ಸೆಟ್ಟು ನಮ್ಮದಕ್ಕಿಂತ ಹಳೇದು, ಆದರೆ ಕಷ್ಟ ಒಂದೇ. ಇಬ್ಬಿಬ್ಬರ ಜೋಡಿ. ಒಬ್ಬ ಕೈಯಲ್ಲಿ ಜನರೇಟರ್ ತಿರುಗಿಸುತ್ತಾ ಇರಬೇಕು, ಇನ್ನೊಬ್ಬ ಮಾತಾಡಬೇಕು. ಕೈ ಸೋತರೆ ಮಾತೂ ಸೋಲುತ್ತದೆ. ಮಳೆಯಲ್ಲಿ, ಕೆಸರು ತುಂಬಿದ ಗುಂಡಿಯಲ್ಲಿ. ಸಂದೇಶ ಹೋದ ತಕ್ಷಣ ಜಾಗ ಬಿಡಬೇಕು. ರೇಡಿಯೋ ಎಲ್ಲಿಂದ ಮಾತಾಡಿತು ಅಂತ ಜಪಾನಿನವರು ಅಂದಾಜು ಹಾಕಿ ಅಲ್ಲಿಗೇ ಗುಂಡು ಹಾಕುತ್ತಾರೆ. ಇದು ನಿಮಗೆ ಹೇಳಬೇಕಾಗಿಲ್ಲ.

ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಚೆಸ್ಟರ್ ನೆಜ್ ಕಳಿಸಿದ ಮೊದಲ ಸಂದೇಶ ಇಷ್ಟೇ: ನಿಮ್ಮ ಬಲಗಡೆ ಶತ್ರುವಿನ ಮೆಷಿನ್‌ಗನ್, ಉಡಾಯಿಸಿ. ಅದು 1942ರ ನವೆಂಬರ್. ಸ್ವಲ್ಪ ಹೊತ್ತಿಗೆ ಆ ಜಾಗ ಸಿಡಿಯಿತು. ಹುಡುಗನಿಗೆ 21. ತನ್ನ ಭಾಷೆಯಲ್ಲಿ ಒಂದು ಮಾತು ಆಡಿದ್ದಕ್ಕೆ ಹಿಂದೆ ಬಾಯಿಗೆ ಸೋಪು ಬಿದ್ದಿತ್ತು. ಈಗ ಒಂದು ಮಾತಿಗೆ ತೋಪು ಹಾರಿತು.

ಶುರುವಿನಲ್ಲಿ ಯಡವಟ್ಟೂ ಆಯಿತು. ಮೊದಲ ಸಲ ಗಾಳಿಯಲ್ಲಿ ಆ ಮಾತು ಬಂದಾಗ, ಅಮೆರಿಕದ ಬೇರೆ ಆಪರೇಟರ್‌ಗಳೇ ಬೆಚ್ಚಿಬಿದ್ದರು. ಜಪಾನಿನವರು ನಮ್ಮ ಚಾನೆಲ್‌ಗೆ ನುಗ್ಗಿದ್ದಾರೆ ಅಂತ ಗಲಾಟೆ. ಮುಖ ನೋಡಿ ತಮ್ಮವರೇ ಜಪಾನಿ ಅಂತ ಹಿಡಿದದ್ದೂ ಇದೆ. ಕೆಲವರ ಜೊತೆ ಕಾವಲಿಗೆ ಒಬ್ಬ ಬಿಳಿ ಸೈನಿಕನನ್ನು ಹಾಕಿದರು.

ದೊಡ್ಡ ಪರೀಕ್ಷೆ ಇವೋ ಜಿಮಾ, 1945ರ ಫೆಬ್ರವರಿ. ಮೊದಲ 48 ಗಂಟೆಯಲ್ಲಿ ಆರು ಜನ ನವಾಹೋ ಆಪರೇಟರ್‌ಗಳು 800ಕ್ಕೂ ಹೆಚ್ಚು ಸಂದೇಶ ಕಳಿಸಿ ತಗೊಂಡರು. ಒಂದರಲ್ಲೂ ತಪ್ಪಿಲ್ಲ. ಐದನೇ ಮರೀನ್ ಡಿವಿಷನ್ನಿನ ಸಿಗ್ನಲ್ ಅಧಿಕಾರಿ ಮೇಜರ್ ಹೋವರ್ಡ್ ಕಾನರ್, ನವಾಹೋಗಳು ಇಲ್ಲದಿದ್ದರೆ ಮರೀನ್‌ಗಳು ಇವೋ ಜಿಮಾ ಹಿಡಿಯುತ್ತಲೇ ಇರಲಿಲ್ಲ ಅಂತ ಹೇಳಿದ. ಲೆಕ್ಕ ಹಾಕಿ ಸಾಹೇಬ್ರೆ. ಗಂಟೆಗೆ 16, 17 ಸಂದೇಶ. ಎರಡು ಹಗಲು ಎರಡು ರಾತ್ರಿ. ಬಿಡುವೇ ಇಲ್ಲ. ನಾನು ಯಾವ ಎಕ್ಸರ್‌ಸೈಜ್‌ನಲ್ಲೂ ಒಂದು ರಾತ್ರಿ ಪೂರ್ತಿ ತಪ್ಪಿಲ್ಲದೆ ಸಂದೇಶ ಬರೆದುಕೊಂಡ ನೆನಪಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಇವರ ಸಂಖ್ಯೆ 400ರ ಹತ್ತಿರ. 13 ಜನ ವಾಪಸ್ ಬರಲಿಲ್ಲ.

ಪ್ರಶ್ನೆ: ಇಷ್ಟು ಅವಮಾನ ಮಾಡಿದ ದೇಶಕ್ಕಾಗಿ ಅವರು ಯಾಕೆ ಹೋರಾಡಿದರು? ನನಗೆ ಇದು ಅರ್ಥವೇ ಆಗುವುದಿಲ್ಲ. ಕೊನೆಗೆ ಅವರಿಗೆ ಸಿಕ್ಕಿದ್ದೇನು?
— ವಕೀಲರು, ಕಲಬುರಗಿ

ಉತ್ತರ: ಎರಡನೇ ಪ್ರಶ್ನೆ ಸುಲಭ. ಸಿಕ್ಕಿದ್ದು ಬಾಯಿ ಮುಚ್ಚಿಕೊಂಡಿರಿ ಅನ್ನುವ ಆದೇಶ. ಸಂಕೇತ ಇನ್ನೊಂದು ಯುದ್ಧಕ್ಕೆ ಬೇಕಾಗಬಹುದು ಅಂತ 1968ರವರೆಗೂ ಗುಟ್ಟಾಗಿ ಇಟ್ಟರು. ಹೆಂಡತಿಗೂ ಹೇಳುವ ಹಾಗಿಲ್ಲ. ಯುದ್ಧದಲ್ಲಿ ಏನು ಮಾಡಿದೆ ಅಂತ ಕೇಳಿದರೆ ರೇಡಿಯೋ ಹಿಡಿದಿದ್ದೆ ಅನ್ನಬೇಕು. ಅರಿಜೋನಾ, ನ್ಯೂ ಮೆಕ್ಸಿಕೋ ರಾಜ್ಯಗಳಲ್ಲಿ ಇವರಿಗೆ ವೋಟು ಹಾಕುವ ಹಕ್ಕು ಸಿಕ್ಕಿದ್ದು 1948ರಲ್ಲಿ. ಅಂದರೆ ಇವೋ ಜಿಮಾದಿಂದ ಬಂದವನು ಮೂರು ವರ್ಷ ಮತಗಟ್ಟೆಯ ಹೊರಗೇ ನಿಲ್ಲಬೇಕಾಯಿತು. ಅಮೆರಿಕದ ಸಂಸತ್ತಿನ ಚಿನ್ನದ ಪದಕ ಬಂದಿದ್ದು 2001ರ ಜುಲೈನಲ್ಲಿ. ಮೊದಲ 29 ಜನರಲ್ಲಿ ಆಗ ಬದುಕಿದ್ದವರು ಐದು ಜನ. ಸಮಾರಂಭಕ್ಕೆ ಬರಲು ಆಗಿದ್ದು ನಾಲ್ವರಿಗೆ.

ಮೊದಲ ಪ್ರಶ್ನೆ ಕಷ್ಟ ವಕೀಲರೇ. ಸಂಬಳಕ್ಕಾಗಿ ಹೋದವರು ಇದ್ದರು. 1930ರ ದಶಕದಲ್ಲಿ, ಹುಲ್ಲುಗಾವಲು ಹಾಳಾಗುತ್ತಿದೆ ಅಂತ ಸರ್ಕಾರವೇ ಅವರ ಕುರಿಗಳನ್ನು ಹಿಡಿದು ಕೊಂದುಹಾಕಿತ್ತು. ಕೈಯಲ್ಲಿ ಏನೂ ಉಳಿದಿರಲಿಲ್ಲ. ಹಾಸ್ಟೆಲ್ ಶಾಲೆಯಿಂದ ಪಾರಾದರೆ ಸಾಕು ಅಂದವರೂ ಇದ್ದಾರು. ಆದರೆ ಅವರ ಪಟ್ಟಿಯಲ್ಲೇ ಒಂದು ಸುಳಿವು ಇದೆ. ಅಮೆರಿಕಕ್ಕೆ ಅವರು ಇಟ್ಟ ಹೆಸರು 'ನೆ-ಹೆ-ಮಾ'. ನಮ್ಮ ತಾಯಿ. ಅದು ವಾಷಿಂಗ್ಟನ್ನಿನ ಸರ್ಕಾರಕ್ಕೆ ಇಟ್ಟ ಹೆಸರು ಅಂತ ನನಗೆ ಅನಿಸುವುದಿಲ್ಲ. ಆ ಮಣ್ಣಿಗೆ ಇಟ್ಟ ಹೆಸರು. ಸರ್ಕಾರ ಬರುವ ಮೊದಲೇ ಇದ್ದ ಮಣ್ಣು.

ಊರಿಗೆ ಬಂದ ಮೇಲೆ ಚೆಸ್ಟರ್‌ಗೆ ರಾತ್ರಿ ನಿದ್ದೆ ಇರಲಿಲ್ಲ. ಸತ್ತ ಜಪಾನಿ ಸೈನಿಕರು ಕನಸಿನಲ್ಲಿ ಬರುತ್ತಿದ್ದರು. ಮನೆಯವರು 'ಶತ್ರುವಿನ ದಾರಿ' ಅನ್ನುವ ಪೂಜೆ ಮಾಡಿಸಿದರು. ದಿನಗಟ್ಟಲೆ ಹಾಡು, ಮಂತ್ರ. ಯುದ್ಧದಿಂದ ಮೈಗೆ ಅಂಟಿದ ಸತ್ತವರನ್ನು ಬಿಡಿಸಿ ಕಳಿಸುವ ಶಾಸ್ತ್ರ. ಅದು ನಡೆಯುವುದೂ ನವಾಹೋದಲ್ಲೇ. ನಿದ್ದೆ ಬಂತು. ಮೊದಲ 29 ಜನರಲ್ಲಿ ಕೊನೆಯವನಾಗಿ 2014ರ ಜೂನ್‌ನಲ್ಲಿ ತೀರಿಕೊಂಡ, 93 ವರ್ಷಕ್ಕೆ.

ಪ್ರಶ್ನೆ: ಬೇರೆ ಬುಡಕಟ್ಟಿನವರು ಇದನ್ನು ಮಾಡಿಲ್ಲವೇ?
— ಗ್ರಂಥಪಾಲಕಿ, ಸಾಗರ

ಉತ್ತರ: ಮಾಡಿದ್ದಾರೆ, ಅದೂ ಇವರಿಗಿಂತ ಮೊದಲೇ. 1918ರ ಅಕ್ಟೋಬರ್‌ನಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಫ್ರಾನ್ಸಿನಲ್ಲಿ ಚಾಕ್ಟಾ ಸೈನಿಕರು ಟೆಲಿಫೋನ್ ಹಿಡಿದಿದ್ದರು. ಮೆಷಿನ್‌ಗನ್‌ಗೆ ಅವರು ಅಂದದ್ದು ಬೇಗ ಹೊಡೆಯುವ ಸಣ್ಣ ಬಂದೂಕು. 1944ರಲ್ಲಿ ನಾರ್ಮಂಡಿಯ ಯೂಟಾ ಬೀಚ್‌ನಲ್ಲಿ ಇಳಿದ ಕಮಾಂಚಿಗಳು ಬಾಂಬರ್ ವಿಮಾನಕ್ಕೆ ಬಸುರಿ ವಿಮಾನ ಅನ್ನುತ್ತಿದ್ದರು. ಹಿಟ್ಲರ್‌ಗೆ 'ಹುಚ್ಚು ಬಿಳಿಯ'. ಇದರಲ್ಲಿ ಗುಟ್ಟು ಏನೂ ಇಲ್ಲ ಅಂತ ನೀವು ಹೇಳಬಹುದು. 2013ರಲ್ಲಿ 33 ಬುಡಕಟ್ಟುಗಳಿಗೆ ಪದಕ ಕೊಟ್ಟರು.

ಪ್ರಶ್ನೆ: ಹ್ವಾಯ್, ನಮ್ಮ ಕುಂದಗನ್ನಡ ಸೈನ್ಯದಲ್ಲಿ ಹೀಗೆ ಉಪಯೋಗ ಆಯ್ತಾ?
— ಊರಿನವರು, ಬೈಂದೂರು

ಉತ್ತರ: ಆಯ್ತು. ನನಗೆ ಪಿಟ್ಠು ಹಾಕಿಸುವುದಕ್ಕೆ.

1986ರ ಚಳಿಗಾಲ, ಉತ್ತರದ ಒಂದು ಬೆಟ್ಟ. ಊರಿನ ಹೆಸರು ಬೇಡ. ನಾನು ಎಕ್ಸ್‌ಚೇಂಜ್‌ನಲ್ಲಿ ರಾತ್ರಿ ಪಾಳಿ. ಮುಂದಿನ ಪೋಸ್ಟಿನಲ್ಲಿ ಕೋಟೇಶ್ವರದ ಒಬ್ಬ ಇದ್ದ. ನಡುರಾತ್ರಿ ಹಿಡಿಕೆ ತಿರುಗಿಸಿ, "ಹ್ವಾಯ್, ಉಂಡ್ಯಾ?" ಅನ್ನುತ್ತಿದ್ದ. "ಎಂತ ಉಂಬುದ್ ಮಾರಾಯಾ, ಅದೇ ರಾಜ್ಮಾ" ಅಂತ ನಾನು. ಮೀನುಸಾರಿನ ಕನಸು ಹಂಚಿಕೊಳ್ಳುತ್ತಿದ್ದೆವು, ಅಷ್ಟೇ. ಮಧ್ಯದ ಪೋಸ್ಟಿನಲ್ಲಿ ವಿಜಾಪುರದವನೊಬ್ಬ ಲೈನಿನಲ್ಲಿ ಕಿವಿ ಇಟ್ಟಿದ್ದ. "ಯಾವ ಭಾಷಾಲೇ ಇದು? ಕನ್ನಡ ಹೌದೋ ಅಲ್ಲೋ?" ಅಂದ. ಕನ್ನಡದವನಿಗೇ ತಿಳಿಯಲಿಲ್ಲ ಅಂತ ನಾವಿಬ್ಬರೂ ಬೀಗಿದೆವು. ಆದರೆ ಲೈನಿನಲ್ಲಿ ಹಿಂದಿ ಅಥವಾ ಇಂಗ್ಲಿಷ್ ಮಾತ್ರ ಅನ್ನುವುದು ರೂಲು. ಡ್ಯೂಟಿ ಅಧಿಕಾರಿ ಕೇಳಿಸಿಕೊಂಡುಬಿಟ್ಟ. ಬೆಳಿಗ್ಗೆ ಬೆನ್ನಿಗೆ ಪಿಟ್ಠು, ಅಂದರೆ ಭಾರ ತುಂಬಿದ ಸೈನ್ಯದ ಚೀಲ, ಕಟ್ಟಿಸಿ ಮೈದಾನ ಸುತ್ತಿಸಿದರು. ಹತ್ತು ಸಾವಿರ ಅಡಿ ಮೇಲೆ, ಮಂಜಿನಲ್ಲಿ. ಮೂರನೇ ಸುತ್ತಿಗೆ ಉಸಿರು ಬರಲಿಲ್ಲ.

ಆ ಅಧಿಕಾರಿಯ ಮೇಲೆ ಆಗ ಸಿಟ್ಟಿತ್ತು. ಈಗ ಇಲ್ಲ. ಲೈನು ನಮ್ಮ ಊಟದ ಮಾತಿಗಲ್ಲ, ಅದು ಸರಿಯೇ. ಮಧ್ಯದವನಿಗೆ ತಿಳಿಯದಿದ್ದರೂ ನಮ್ಮದು ಬರೀ ಮಾತು. ಇನ್ನೊಬ್ಬ ಕುಂದಾಪುರದವನು ಕಿವಿ ಇಟ್ಟಿದ್ದರೆ ರಾಜ್ಮಾ ಗುಟ್ಟು ರಟ್ಟು. ಆ 29 ಹುಡುಗರು ಕೂತು ಹೊಸೆದದ್ದು ತಮ್ಮ ಊರಿನವನೇ ಕೇಳಿಸಿಕೊಂಡರೂ ತಿಳಿಯದ ಮಾತು.

ಪ್ರಶ್ನೆ: ಅವರ ಸಂಕೇತದಲ್ಲಿ ಭಾರತಕ್ಕೆ ಏನು ಹೆಸರು?
— ಹತ್ತನೇ ತರಗತಿ ಹುಡುಗಿ, ಮಳವಳ್ಳಿ

ಉತ್ತರ: 'ಆ-ಲೆ-ಗೈ'. ಬಿಳಿ ಬಟ್ಟೆ. ಜರ್ಮನಿ ಕಬ್ಬಿಣದ ಟೋಪಿ, ಫ್ರಾನ್ಸ್ ಗಡ್ಡ, ನಾವು ಬಿಳಿ ಬಟ್ಟೆ. ನಿಮ್ಮ ಇತಿಹಾಸದ ಟೀಚರ್ ಹತ್ತಿರ ಹೇಳು. 1942ರಲ್ಲಿ ನಮ್ಮ ಫೋಟೋದಲ್ಲಿ ಯಾರ ಬಟ್ಟೆ ಕಾಣುತ್ತಿತ್ತು ಅಂತ ಅವರೇ ಹೇಳುತ್ತಾರೆ.

ದಾವಣಗೆರೆಯ ತಾಯಿಗೆ, ಬಾಕಿ ಉಳಿದದ್ದು: ಹತ್ತು ರೂಪಾಯಿ ದಂಡ. ಕಟ್ಟಿಬಿಡಿ ಅಮ್ಮಾ, ಆದರೆ ರಸೀದಿ ಕೇಳಿ. ಶಾಲೆಯ ಸೀಲು ಇರಲಿ, ತಾರೀಖು ಇರಲಿ, ಯಾವ ಕಾರಣಕ್ಕೆ ದಂಡ ಅಂತ ಪೂರ್ತಿ ಬರೆದಿರಲಿ. ಯಾವ ಭಾಷೆಯಲ್ಲಿ ಬರೆದರೂ ಅಡ್ಡಿಯಿಲ್ಲ. ಕೊಟ್ಟರೆ ನನಗೂ ಒಂದು ಜೆರಾಕ್ಸ್ ಕಳಿಸಿ, ಫ್ರೇಮ್ ಹಾಕಿಸುತ್ತೇನೆ.